ಇಳಿಯೋ ಕೆಳಗೆ

ಆ ಶನಿವಾರ ಬೆಳಗಿನ ಶಾಲೆ. ಪ್ರಾರ್ಥನೆ ಮುಗಿಸಿ, ಹಾಜರಿ ಕರೆದು, ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ಕೂರಿಸಿದ್ದೆವು. ಹಳೇಬೀಡಿನ ಈ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಅಂಗಳದ ನಡುವೆ ಎರಡು ಕಬ್ಬಿಣದ ಕಂಬ, ಮೇಲೊಂದು ಅಡ್ಡಪಟ್ಟಿ, ಅದರಿಂದ ಇಳಿಬಿಟ್ಟ ಎರಡು ಮರದ ಉಂಗುರ. ಹಿಂದಿನ ದಿನವೇ ನನ್ನ ತಮ್ಮ ಬಂದು ಅವನ್ನು ಜಗ್ಗಿ ನೋಡಿ, ಕೆಲಸವಿದೆ ಎಂದು ಅರಸೀಕೆರೆಗೆ ವಾಪಸು ಹೋಗಿದ್ದ. ಜಿಮ್ನಾಸ್ಟಿಕ್ಸ್‌ನಲ್ಲಿ, ಅದರಲ್ಲೂ ಈ ಉಂಗುರಗಳ ಮೇಲೆ, ಅವನು ಒಂದು ಕಾಲಕ್ಕೆ ದೇಶಕ್ಕೇ ಮೊದಲಿಗನಾಗಿದ್ದವನು. ಭುಜದ ಆಪರೇಷನ್ ಆದ ಮೇಲೆ ಸ್ಪರ್ಧೆ ಬಿಟ್ಟು ರೈಲ್ವೆ ಕೆಲಸದಲ್ಲಿದ್ದ. ಕೊನೆಯದಾಗಿ ಒಂದು ಚಿಕ್ಕ ಪ್ರದರ್ಶನಕ್ಕೆ ಡಾಕ್ಟರು ಒಪ್ಪಿದ್ದರು. ಅದು ಮಕ್ಕಳಿಗಾಗಿ ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿದ್ದೆ. ನಿಜವಾಗಿ ಅದು ನಮ್ಮ ಅಪ್ಪನಿಗಾಗಿ. ಇಷ್ಟು ವರ್ಷದಲ್ಲಿ ಅಪ್ಪ ಒಮ್ಮೆಯೂ ಅವನ ಆಟ ನೋಡಿರಲಿಲ್ಲ.

ಆ ಬೆಳಿಗ್ಗೆ ತಮ್ಮ ಅರಸೀಕೆರೆಯಿಂದ ಬೈಕಿನಲ್ಲಿ ಹೊರಟಿದ್ದ. ಜಾವಗಲ್ ದಾಟಿದ ಮೇಲೆ ರಸ್ತೆಗೆ ಸುರಿದಿದ್ದ ಜಲ್ಲಿಯಲ್ಲಿ ಬೈಕು ಜಾರಿತು. ಹೆಲ್ಮೆಟ್ ಹಾಕಿದ್ದ. ಎರಡಾಳೆತ್ತರದಿಂದ ಗಾಳಿಯಲ್ಲಿ ಉರುಳಿ ನೆಲಕ್ಕೆ ಬಂದರೂ ಏನೂ ಆಗದಿದ್ದವನು, ಬೈಕಿನ ಸೀಟಿನಷ್ಟು ಎತ್ತರದಿಂದ ಬಿದ್ದು ಹೋಗಿಬಿಟ್ಟ.

ಶಿವಗಣಾರಾಧನೆಗೆ ಬಂದವರು ಅಳುತ್ತಲೇ ಒಳಗೆ ಬಂದರು. ಆದರೆ ಪಂಕ್ತಿಯಲ್ಲಿ ಕೂತು ಅವನ ಮಾತು ತೆಗೆದರೆ ಬರುತ್ತಿದ್ದದ್ದು ನಗುವ ಮಾತೇ. ಅವನು ಹೋದ ಕಡೆಯೆಲ್ಲ ಅಂಥದ್ದೊಂದು ನಡೆದೇ ನಡೆಯುತ್ತಿತ್ತು. ನನಗೆ ತಿಳಿದಷ್ಟನ್ನು ನಡೆದ ಹಾಗೇ ಬರೆಯುತ್ತೇನೆ.

ಅಟ್ಟ

ಅಪ್ಪ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗುತ್ತದೆ. ನಮ್ಮ ಗೋದಾಮಿನ ಅಟ್ಟದ ತೊಲೆಗೆ ತಮ್ಮ ಹಗ್ಗ ಕಟ್ಟಿ, ಎರಡು ಕಬ್ಬಿಣದ ಬಳೆ ಇಳಿಬಿಟ್ಟುಕೊಂಡಿದ್ದ. ಅವನ ತೋಳು ನೋಡಿ ಶಾಲೆಯ ವ್ಯಾಯಾಮದ ಮೇಷ್ಟರು ಏನೋ ಮೆಚ್ಚುಗೆಯ ಮಾತಾಡಿದ್ದರು, ಅಷ್ಟೇ ಸಾಕಾಗಿತ್ತು. ಅಪ್ಪನಿಗೆ ಮಗ ಬೀಳುವ ಭಯವೋ ಅಟ್ಟ ಬೀಳುವ ಭಯವೋ, ಗೋದಾಮಿಗೆ ಕಾಲಿಟ್ಟರೆ ಒಂದೇ ಮಾತು: "ಇಳಿಯೋ ಕೆಳಗೆ."

ಒಂದು ದಿನ ಕೊಬ್ಬರಿ ಕೊಳ್ಳಲು ಹೊರ ಊರಿನವರೊಬ್ಬರು ಬಂದರು. ಆಗ ತಮ್ಮ ಬಳೆ ಹಿಡಿದು, ತೋಳೆರಡನ್ನೂ ಪಕ್ಕಕ್ಕೆ ನೀಟಾಗಿ ಚಾಚಿ, ಗಾಳಿಯಲ್ಲಿ ಅಲುಗದೆ ನಿಲ್ಲುವುದನ್ನು ಕಲಿಯುತ್ತಿದ್ದ. ಮುಖ ಕೆಂಪಾಗಿತ್ತು, ಬೆವರು ತೊಟ್ಟಿಕ್ಕುತ್ತಿತ್ತು. ಬಂದವರು ಕೊಬ್ಬರಿ ನೋಡುವುದು ಬಿಟ್ಟು ಅವನನ್ನೇ ನೋಡಿದರು. ಆಮೇಲೆ ಅಪ್ಪನನ್ನು ಬಾಗಿಲ ಹೊರಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ಯಜಮಾನ್ರೇ, ಹುಡುಗ ಏನೋ ತಪ್ಪು ಮಾಡಿರ್ಬೋದು. ಅದಕ್ಕೆ ಹಿಂಗೆ ಕಟ್ಟಿಹಾಕೋದಾ? ನನ್ನ ಮುಖ ನೋಡಿ ಇಳಿಸ್ಬಿಡಿ."

"ನಾನೂ ಅದನ್ನೇ ಹೇಳ್ತಾ ಇದೀನಿ," ಅಂದರು ಅಪ್ಪ. "ಅವನೇ ಇಳೀತಿಲ್ಲ."

ಬಿಳಿ ಗಟ್ಟಿ

ಮುಂದೆ ಅವನು ಬೆಂಗಳೂರಿನ ಕ್ರೀಡಾ ಹಾಸ್ಟೆಲು ಸೇರಿದ. ಕೈ ಜಾರದಿರಲೆಂದು ಈ ಆಟದವರು ಅಂಗೈಗೆ ಒಂದು ಬಿಳಿ ಪುಡಿ ಉಜ್ಜಿಕೊಳ್ಳುತ್ತಾರೆ. ಅದು ಗಟ್ಟಿಯಾಗಿ ಬರುತ್ತದೆ, ನೋಡುವುದಕ್ಕೆ ಥೇಟ್ ವಿಭೂತಿ. ಒಮ್ಮೆ ರಜೆಗೆ ಬಂದಾಗ ಗೆಂಡೆಹಳ್ಳಿಯ ಸೋದರತ್ತೆ ನಮ್ಮಲ್ಲಿದ್ದರು. ಬೆಳಿಗ್ಗೆ ಸ್ನಾನ ಮಾಡಿ ಬಂದವರು ಅವನ ಚೀಲ ತೆರೆದಿದ್ದದ್ದು ನೋಡಿ, ಒಂದು ಗಟ್ಟಿ ತೆಗೆದು, ಹಣೆಗೆ ಮೂರು ಬೆರಳಲ್ಲಿ ಎಳೆದುಕೊಂಡು, ಉಳಿದದ್ದನ್ನು ದೇವರ ಗೂಡಿನಲ್ಲಿಟ್ಟರು. ನಾವೆಲ್ಲ ಎದ್ದು ಬಂದು ಒಬ್ಬೊಬ್ಬರಾಗಿ ಹಚ್ಚಿಕೊಂಡೆವು. ತಮ್ಮ ಕೊನೆಗೆ ಎದ್ದ. ಎಲ್ಲರ ಹಣೆ ನೋಡಿದ.

"ಎಷ್ಟು ನುಣುಪಾಗೈತೆ ಕಣೋ. ಬೆವರಿದ್ರೂ ಹೋಗಲ್ಲ. ಯಾವ ಮಠದ್ದು?" ಅಂದರು ಅತ್ತೆ.

ಅಲ್ಲಿಂದ ಪ್ರತಿ ರಜೆಗೂ ಅತ್ತೆಗೊಂದು ಗಟ್ಟಿ ತರುವುದು ಅವನಿಗೆ ಕಡ್ಡಾಯವಾಯಿತು. ಚಿನ್ನದ ಪದಕ ಬಂದ ವರ್ಷ ಧೈರ್ಯ ಮಾಡಿ ನಿಜ ಹೇಳಿಬಿಟ್ಟ. ಅತ್ತೆ ಕೈ ಚಾಚಿದರು.

"ನಾನು ಅದನ್ನ ಹಚ್ಚಿಕೊಂಡು ಬೇಡಿದ ವರ್ಷವೇ ತಾನೇ ನೀನು ಗೆದ್ದಿದ್ದು? ಸುಮ್ಕೆ ಇನ್ನೊಂದು ಗಟ್ಟಿ ಕೊಡು."

ಬೇಲೂರು

ಈ ಆಟದಲ್ಲಿ ಮಾಡಿದ್ದಕ್ಕೆ ಅಂಕ ಕೊಡುವುದಕ್ಕಿಂತ ತಪ್ಪಿದ್ದಕ್ಕೆ ಕಳೆಯುವುದೇ ಹೆಚ್ಚು. ಮಂಡಿ ಬಾಗಿದರೆ ಕಳೆಯುತ್ತಾರೆ, ಕಾಲ್ಬೆರಳು ಸಡಿಲಾದರೆ ಕಳೆಯುತ್ತಾರೆ, ಇಳಿದ ಮೇಲೆ ಪಾದ ಕದಲಿದರೂ ಕಳೆಯುತ್ತಾರೆ. ಅವನ ಕಣ್ಣಿಗೆ ಅದೇ ಅಭ್ಯಾಸವಾಗಿತ್ತು. ನೆಂಟರನ್ನು ಕರೆದುಕೊಂಡು ಬೇಲೂರಿಗೆ ಹೋದಾಗ, ಗೈಡು ಒಬ್ಬೊಬ್ಬ ಶಿಲಾಬಾಲಿಕೆಯನ್ನು ತೋರಿಸಿ ವರ್ಣಿಸುತ್ತಿದ್ದರೆ ಇವನು ನನ್ನ ಕಿವಿಯಲ್ಲಿ ತೀರ್ಪು ಕೊಡುತ್ತಿದ್ದ. ಈಕೆಯ ಮಂಡಿ ಬಾಗಿದೆ ಅಕ್ಕ. ಈಕೆಯ ಸೊಂಟ ಒಂದು ಕಡೆಗೆ ವಾಲಿದೆ. ಈಕೆ ಕಾಲ್ಬೆರಳು ಚಾಚಿಲ್ಲ.

ಗೈಡಿಗೆ ಕೇಳಿಸಿತು. ನೆಂಟರೊಬ್ಬರು ಸಮಾಧಾನಕ್ಕೆ, ಹುಡುಗ ದೊಡ್ಡ ಚಾಂಪಿಯನ್, ದೇಹ ನಿಲ್ಲಿಸುವುದರಲ್ಲಿ ತಿಳಿದವನು ಎಂದರು. ಗೈಡು ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು.

"ಸಾರ್, ತಾವು ಎಷ್ಟು ಹೊತ್ತು ಅಲುಗಾಡದೆ ನಿಲ್ತೀರಿ?"

ಉಂಗುರದ ಮೇಲಾದರೆ ಕೆಲವು ಸೆಕೆಂಡು, ಅಂದ ತಮ್ಮ.

"ಈಯಮ್ಮ ಹೊಯ್ಸಳರ ಕಾಲದಿಂದ ನಿಂತವ್ಳೆ," ಅಂದು ಗೈಡು ಮುಂದಿನ ಕಂಬಕ್ಕೆ ಹೋದರು.

ಪೇಟ

ಚಿನ್ನ ಗೆದ್ದು ಬಂದಾಗ ಅರಸೀಕೆರೆಯಲ್ಲಿ ಸನ್ಮಾನ. ಹಾರ, ಶಾಲು, ಮೈಸೂರು ಪೇಟ. ಪೇಟ ಅಂಗಡಿಯದ್ದಲ್ಲ. ಮದುವೆಗಳಲ್ಲಿ ಪೇಟ ಕಟ್ಟುವ ಹಿರಿಯರೊಬ್ಬರು ವೇದಿಕೆಯ ಮೇಲೇ ಅವನ ತಲೆಗೆ ಸುತ್ತಿದ್ದು. ಭಾಷಣಗಳು ಮುಗಿದ ಮೇಲೆ ಮುಖ್ಯ ಅತಿಥಿಗಳಿಗೆ, ಇವನು ಮಾಡುವುದಾದರೂ ಏನು ಎಂಬ ಅನುಮಾನ ಬಂತು. ಒಂದು ಲಾಗ ಹಾಕಿ ತೋರಿಸಲಿ ಎಂದರು. ತಮ್ಮ ಹಾರ, ಶಾಲು ತೆಗೆದಿಟ್ಟ. ಪೇಟಕ್ಕೆ ಕೈ ಹಾಕಿದಾಗ ಹಿರಿಯರು ಕೆಳಗಿನಿಂದಲೇ ತಡೆದರು. ಇವನು ಪೇಟದ ಸಮೇತ ಹಿಂದಕ್ಕೆ ಹಾರಿ, ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ಪಾದ ಕದಲದಂತೆ ನಿಂತ.

ಪೇಟ ಇದ್ದಲ್ಲೇ ಇತ್ತು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅತಿಥಿಗಳು ಮೈಕು ತೆಗೆದುಕೊಂಡು, ಇದನ್ನು ಕಟ್ಟಿದ ಮಹನೀಯರು ಯಾರು, ವೇದಿಕೆಗೆ ಬರಬೇಕು ಎಂದರು. ನನ್ನ ತಮ್ಮ ತೆಗೆದಿಟ್ಟಿದ್ದ ಶಾಲನ್ನು ಅವರಿಗೇ ಹೊದಿಸಿದರು.

ಅಪ್ಪ ಬಂದಿರಲಿಲ್ಲ. ಮಾರನೇ ದಿನ ಮಾರುಕಟ್ಟೆಯಿಂದ ಬಂದವರು ತಮ್ಮನ ಎದುರು ಕೂತು ಕೇಳಿದರು: "ಪೇಟ ಬೀಳಲೇ ಇಲ್ಲವಂತೆ?"

ಕನ್ನಡಕ

ಪ್ರತಿ ಸ್ಪರ್ಧೆಗೂ ಅವನು ಅಪ್ಪನನ್ನು ಕರೆಯುತ್ತಿದ್ದ. ಪ್ರತಿ ಸಲವೂ ಅಪ್ಪನಿಗೆ ಆ ದಿನವೇ ಕೊಬ್ಬರಿ ಹರಾಜು. ಕೊನೆಗೆ ಅವನು ಭಾನುವಾರ ನಡೆಯುವ ಸ್ಪರ್ಧೆಯೊಂದನ್ನು ಹುಡುಕಿದ. ನಾನು ಅಪ್ಪನನ್ನು ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆ.

ತಮ್ಮ ಕೈಗೆ ಪುಡಿ ಉಜ್ಜಿಕೊಂಡು ಉಂಗುರದ ಕೆಳಗೆ ಬಂದು ನಿಂತ. ನಮ್ಮ ಕಡೆ ಒಮ್ಮೆ ನೋಡಿದ. ಅಪ್ಪ ಕನ್ನಡಕ ತೆಗೆದು, ಒರೆಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಕನ್ನಡಕವಿಲ್ಲದಿದ್ದರೆ ಅವರಿಗೆ ಪಕ್ಕದಲ್ಲಿದ್ದ ನನ್ನ ಮುಖವೂ ಕಾಣದು. ಹಾಕಿಕೊಳ್ಳಿ ಎಂದೆ.

"ಇರ್ಲಿ ಕಣಮ್ಮ. ಇಳಿದ ಮೇಲೆ ಹೇಳು."

ಸುತ್ತಲಿನವರು ಉಸಿರು ಹಿಡಿದು ನೋಡುತ್ತಿದ್ದರು. ಅಪ್ಪ ಕೈ ಜೋಡಿಸಿಕೊಂಡು ಎದುರು ಕೂತವರ ಬೆನ್ನನ್ನು ನೋಡುತ್ತಿದ್ದರು. ಚಪ್ಪಾಳೆ ಬಿತ್ತು. "ಇಳಿದನಾ?" ಎಂದು ಕೇಳಿದರು. ಇಳಿದ ಎಂದೆ. ಆಗ ಕನ್ನಡಕ ಹಾಕಿಕೊಂಡು, ಎದ್ದು ನಿಂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಪಕ್ಕದವರು, ನಿಮ್ಮ ಮಗನೇ, ಎಷ್ಟು ಚೆನ್ನಾಗಿ ಮಾಡಿದ ಎಂದರು.

"ಹೌದು," ಅಂದರು ಅಪ್ಪ. "ಇಳಿಯೋದು ಬಹಳ ಚೆನ್ನಾಗಿ ಇಳಿದ."

ಇದನ್ನು ಎಲ್ಲರಿಗೂ ಹೇಳಿ ನಗಿಸುತ್ತಿದ್ದವನು ತಮ್ಮನೇ. ಅಪ್ಪನ ಹಾಗೆ ಕನ್ನಡಕ ಒರೆಸಿ ಜೇಬಿಗಿಟ್ಟು ತೋರಿಸುತ್ತಿದ್ದ. ಭುಜದ ಆಪರೇಷನ್ ಆಗಿ ಮಲಗಿದ್ದಾಗ ಮಾತ್ರ, ಇಬ್ಬರೇ ಇದ್ದಾಗ, ನಗದೆ ಹೇಳಿದ: "ಆಟ ಹೋದದ್ದಕ್ಕೆ ಬೇಜಾರಿಲ್ಲ ಅಕ್ಕ. ಅಪ್ಪ ಒಂದೇ ಒಂದ್ಸಲ ನೋಡಿದ್ರೆ ಸಾಕಿತ್ತು."

ನಾನು ಅದನ್ನು ಅಪ್ಪನಿಗೆ ಹೇಳಿದೆ. ನಿನ್ನ ಸ್ಕೂಲಿನಲ್ಲಾದರೆ ಬರುತ್ತೇನೆ, ಅಲ್ಲಿ ಅಷ್ಟು ಎತ್ತರ ಇರುವುದಿಲ್ಲ ತಾನೇ ಎಂದರು. ಉಂಗುರಗಳನ್ನು ತಗ್ಗಿಸಿಯೇ ಕಟ್ಟಿಸಿದೆವು. ಹಿಂದಿನ ದಿನ ತಮ್ಮನ ಬೈಕಿನಲ್ಲೇ ಬಂದು ಅಪ್ಪ ನನ್ನ ಮನೆಯಲ್ಲಿ ಉಳಿದರು. ಶನಿವಾರ ನನಗಿಂತ ಮೊದಲೇ ಶಾಲೆಗೆ ಹೋಗಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು.

ಜಾವಗಲ್ ಕಡೆಯಿಂದ ಫೋನು ಬಂದಾಗ ನಾನು ಅವರ ಕಡೆಗೆ ತಿರುಗಿದೆ.

ಅಪ್ಪ ಕನ್ನಡಕ ಹಾಕಿಕೊಂಡಿದ್ದರು.