ನನ್ನ ಸೀಟಿನಲ್ಲಿ ಟಗರು ಕುಳಿತ ವಿಚಾರವಾಗಿ

ಪಶುವೈದ್ಯ ಪ್ರವೇಶದ ಜಾಲತಾಣದಲ್ಲಿ ರೆಪ್ಪೆ ಬಡಿಯದೆ ಸೇವೆ ಸಲ್ಲಿಸುತ್ತಿರುವ ಮಾನ್ಯ ಮುಖಪರಿಶೀಲನಾ ಯಂತ್ರದವರೇ,

ತಮ್ಮ ವೈರುಗಳೆಲ್ಲ ಕ್ಷೇಮವೆಂದೂ, ಕರೆಂಟು ವೇಳೆಗೆ ಸರಿಯಾಗಿ ಬರುತ್ತಿದೆಯೆಂದೂ ನಂಬಿ, ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿ ಪಕ್ಕದ ಹಟ್ಟಿಯ ಕುರಿಗಾರ ಚೌಡಣ್ಣನ ಮಗಳು ಕೀರ್ತನಾ ಮಾಡುವ ನಮಸ್ಕಾರಗಳು. ತಾವು ನನ್ನನ್ನು ಗುರುತಿಸಲಾರಿರಿ ಎಂಬುದು ನನಗೆ ಗೊತ್ತು. ಗುರುತಿಸಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಕುರಿಗಳಿಗೆ ಬೇನೆ ಬಿದ್ದಾಗ ದನದ ಡಾಕ್ಟರು ಇನ್ನೊಂದು ಊರಿನ ಎಮ್ಮೆಯ ಹೆರಿಗೆಗೆ ಹೋಗಿದ್ದರು. ಪಾಪ, ಓಡೋಡಿ ಬಂದರು, ಆದರೆ ಅಷ್ಟರಲ್ಲಿ ಅವ್ವನ ಮಡಿಲಲ್ಲಿದ್ದ ಮರಿ ತಣ್ಣಗಾಗಿತ್ತು. ಅವತ್ತೇ ನಾನು ಪಶುವೈದ್ಯೆಯಾಗಬೇಕೆಂದು ನಿಶ್ಚಯಿಸಿದೆ. ಕುರಿಯನ್ನು ಬದುಕಿಸುವುದು ಒಂದು ವಿದ್ಯೆ, ಬದುಕಿದ ಕುರಿಯನ್ನು ಸಂತೆಯಲ್ಲಿ ದಲ್ಲಾಳಿ ಬಾಯಿಗೆ ಬಂದ ಬೆಲೆಗೆ ಕೊಡದಿರುವುದು ಇನ್ನೊಂದು ವಿದ್ಯೆ. ಎರಡೂ ಬೇಕೆನಿಸಿ, ಪಶುವೈದ್ಯಕೀಯದ ಜೊತೆಗೆ ವ್ಯವಹಾರ ಆಡಳಿತವನ್ನೂ ಕಲಿಸುವ ಜೋಡಿ ಪದವಿಗೆ ಅರ್ಜಿ ಹಾಕಲು ಕಾನಹೊಸಹಳ್ಳಿಯ ಗುರುಶಾಂತಣ್ಣನ ಆನ್‌ಲೈನ್ ಅಂಗಡಿಗೆ ಹೋದೆ.

ಅಲ್ಲಿ ತಾವು ನನ್ನ ಫೋಟೊ ನೋಡಿ "ಮುಖ ಸ್ಪಷ್ಟವಾಗಿಲ್ಲ" ಎಂದಿರಿ. ಮುಖ ತೊಳೆದು ಇನ್ನೊಂದು ತೆಗೆಸಿದೆ. ಅದಕ್ಕೂ ಅದೇ ಉತ್ತರ.

"ಬ್ಯಾರೆ ಫೋಟೊ ಐತೇನವಾ? ಇದು ನಿನ್ನ ಒಪ್ಪವಲ್ದು" ಎಂದರು ಗುರುಶಾಂತಣ್ಣ.

ನನ್ನ ಮೊಬೈಲಿನಲ್ಲಿ ಉಳಿದಿದ್ದುದು ನಮ್ಮ ಟಗರು ಕೆಂಚನ ಕೊರಳು ಅಪ್ಪಿಕೊಂಡು ನಿಂತ ಒಂದೇ ಫೋಟೊ. ಅದನ್ನು ಹಾಕಿದ ಕೂಡಲೇ ತಾವು ನನ್ನನ್ನು ಹಿಂದಕ್ಕೆ ಸರಿಸಿ, ಕೆಂಚನ ಮುಖದ ಸುತ್ತ ಹಸಿರು ಚೌಕ ಎಳೆದು, "ಮುಖ ಸ್ಪಷ್ಟವಾಗಿದೆ, ಧನ್ಯವಾದಗಳು. ಇನ್ನು ತಿದ್ದುಪಡಿಗೆ ಅವಕಾಶವಿಲ್ಲ" ಎಂದು ಬೀಗ ಹಾಕಿಬಿಟ್ಟಿರಿ. ತಮ್ಮ ಅಭಿರುಚಿಯನ್ನು ನಾನು ಪ್ರಶ್ನಿಸುತ್ತಿಲ್ಲ. ಕೆಂಚನ ಹಣೆ ಅಗಲ, ಮೂಗು ನೆಟ್ಟಗೆ, ನೋಟ ಗಂಭೀರ. ನಮ್ಮ ಹಟ್ಟಿಯಲ್ಲಿ ಅಂಥ ರೂಪ ಇನ್ನೊಬ್ಬರಿಗಿಲ್ಲ. ಆದರೆ ಪ್ರವೇಶ ಪರೀಕ್ಷೆ ಬರೆದವಳು ನಾನು.

ಮುಖ ಹೊಂದದಿದ್ದರೆ ಸೀಟು ರದ್ದು ಎಂದು ಸಹಾಯವಾಣಿಯವರು ಹೇಳಿದಾಗ ನಾನು ಗೋಡೆಗೆ ಮುಖ ಮಾಡಿ ಅತ್ತೆ. ಅವ್ವ ಕೊಟ್ರಬಸಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅಳ್ತಿ ಯಾಕ? ಅವರಿಗೆ ಕೆಂಚನ ಮಾರೀನ ಬೇಕಂದ್ರ ಅವನ್ನೂ ಕರ್ಕೊಂಡು ಹೋಗ್ರಿ. ಇಲ್ಲಿ ಕುಂತು ಏನ್ ಮಾಡ್ತಾನ?"

ಹೀಗೆ ಕೆಂಚನ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಲಗೇಜ್ ಆಟೊದಲ್ಲಿ ನಿಲ್ಲಿಸಿಕೊಂಡು ನಾನೂ ಅಪ್ಪನೂ ಕೌನ್ಸೆಲಿಂಗ್ ಕೇಂದ್ರಕ್ಕೆ ಹೊರಟೆವು. ಬಾಗಿಲಲ್ಲಿ ತಮ್ಮ ಕ್ಯಾಮೆರಾದ ಎದುರು ನಾನು ನಿಂತೆ, ಕೆಂಪು ದೀಪ. ಕೆಂಚ ನಿಂತ; ಹಸಿರು ದೀಪ, ಜೊತೆಗೆ ಬಾಗಿಲೂ ತೆರೆಯಿತು.

"ಸರ, ಅದು ಟಗರ್ರೀ!" ಎಂದ ಅಪ್ಪ.

"ಕಾಣ್ತೈತ್ರಿ" ಎಂದರು ಮೇಜಿನ ಹಿಂದಿದ್ದ ಅಧಿಕಾರಿ ಸೋಮಶೇಖರ್ ಅವರು, ಬಹಳ ಮರ್ಯಾದೆಯಿಂದ. "ಕುರಿ ಸಾಕೋ ಮನೆತನ ಅಂತ ಅರ್ಜಿಯಾಗ ಐತಿ, ಅದಕ್ಕೂ ತಾಳೆ ಆತು. ಸಿಸ್ಟಮ್ ಒಪ್ಪಿದ ಮ್ಯಾಲೆ ಬ್ಯಾಡನ್ನಾಕ ನಾ ಯಾರ್ರೀ? ಇವರು ಒಳಗ ಹೋಗ್ಲಿ. ನೀವು ಹೊರಗ ಕುಂಡ್ರಿ ತಂಗಿ."

ಗಾಜಿನ ಆಚೆ ಕೆಂಚನಿಗೆ ಕುರ್ಚಿ ತೋರಿಸಿದರು; ಅವನು ನಿಂತೇ ಇದ್ದುದನ್ನು ವಿನಯವೆಂದು ತಿಳಿದರು. ಕೋರ್ಸು ಆರಿಸಲು ಪರದೆ ಮುಂದಿಟ್ಟಾಗ ಅವನು ಅದನ್ನು ನೆಕ್ಕಿದ. ಜೋಡಿ ಪದವಿಯ ಮೇಲೆಯೇ ನಾಲಿಗೆ ಬಿದ್ದದ್ದು ನನ್ನ ಪುಣ್ಯವೋ ಅವನ ಮುಂದಾಲೋಚನೆಯೋ ಇಂದಿಗೂ ತಿಳಿಯದು. "ಆಯ್ಕೆ ಖಚಿತಪಡಿಸಲು ಮುಖ ತೋರಿಸಿ" ಎಂದಿರಿ ತಾವು. ಇನ್ನು ಸುಮ್ಮನಿದ್ದರೆ ಸೀಟು ಪೂರಾ ಅವನ ಪಾಲಾಗುತ್ತದೆಂದು ನಾನು ಒಳಗೆ ನುಗ್ಗಿ, ಅವನ ಎರಡು ಕೊಂಬಿನ ನಡುವೆ ನನ್ನ ಗದ್ದ ಊರಿ ಕ್ಯಾಮೆರಾ ನೋಡಿದೆ. ತಾವು ಬಹಳ ಹೊತ್ತು ಯೋಚಿಸಿದಿರಿ. ಆಮೇಲೆ ಇಬ್ಬರ ಸುತ್ತಲೂ ಒಂದೇ ಹಸಿರು ಚೌಕ ಎಳೆದಿರಿ.

"ಮೊದ್ಲ ಹಿಂಗ ಹೇಳ್ಬೇಕಲ್ರೀ!" ಎಂದು ಸೋಮಶೇಖರ್ ಅವರು ಬೆವರು ಒರೆಸಿಕೊಂಡರು. "ಜೋಡಿ ಪದವಿಗೆ ಜೋಡಿ ಅಭ್ಯರ್ಥಿ. ನೀವು ವೈದ್ಯಕೀಯ ಓದ್ರಿ, ಇವರು ಆಡಳಿತ ಓದ್ತಾರ."

ಅಪ್ಪ ಕೆಂಚನನ್ನು ಹಾಸ್ಟೆಲಿನ ಬೇವಿನ ಮರಕ್ಕೆ ಕಟ್ಟಿ, ನನಗಿಂತ ಹೆಚ್ಚು ಹೊತ್ತು ಅವನ ಬೆನ್ನು ಸವರಿ ಊರಿಗೆ ಹೋದ. ಅವ್ವ ಫೋನು ಮಾಡಿದರೆ ಮೊದಲು ಕೇಳುವುದು "ಕೆಂಚ ಮೇಯ್ದಾನೇನು?" ಎಂದು, ನನ್ನ ಊಟದ ಸುದ್ದಿ ಆಮೇಲೆ, ನೆನಪಾದರೆ. ಹಾಜರಿ ಕ್ಯಾಮೆರಾ ಅವನಿಲ್ಲದೆ ನನ್ನನ್ನು ಒಪ್ಪದ ಕಾರಣ ದಿನವೂ ಅವನನ್ನು ಎಳೆದುಕೊಂಡು ತರಗತಿಗೆ ಓಡುತ್ತೇನೆ. ಆಡಳಿತದ ಮೇಷ್ಟ್ರುಗಳಿಗೆ ಅವನೆಂದರೆ ಪ್ರಾಣ: ತಲೆಯಾಡಿಸುತ್ತಾನೆ, ಎದುರು ಪ್ರಶ್ನೆ ಕೇಳುವುದಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ. ಅಂಗರಚನೆಯ ಪಾಠದಲ್ಲಿ ಸಹಪಾಠಿಗಳು ಕೆಂಚನ ಪಕ್ಕೆಲುಬು ತಡವಿ ನೋಡುವುದನ್ನು ನಿಲ್ಲಿಸಬೇಕು, ಅವನಿಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಅವನಿಗೆ ನೆಗಡಿಯಾದ ದಿನ ನನ್ನೊಬ್ಬಳ ಮುಖವನ್ನಾದರೂ ತಾವು ದೊಡ್ಡ ಮನಸ್ಸು ಮಾಡಿ ಒಪ್ಪಬೇಕು. ಅದಾಗದಿದ್ದರೆ ಸರ್ಕಾರದ ಕಡೆಯಿಂದ ನನಗೂ ಒಂದು ಜೊತೆ ಕೊಂಬು ಮಂಜೂರು ಮಾಡಿಸಿಕೊಡಬೇಕು.

ಮೊನ್ನೆ ಕಾಲೇಜಿನ ಕೊಟ್ಟಿಗೆಯಲ್ಲಿ ಒಂದು ಕುರಿ ಈಯಲಾರದೆ ಒದ್ದಾಡುತ್ತಿತ್ತು. ಮೇಡಂ ಪಕ್ಕದಲ್ಲಿ ನಿಂತು ಹೇಳಿಕೊಟ್ಟಂತೆ ಅಡ್ಡ ಸಿಕ್ಕಿದ್ದ ಮರಿಯನ್ನು ನಾನೇ ತಿರುಗಿಸಿ ಹೊರತೆಗೆದೆ. ಒದ್ದೆ ಮರಿ ಕಣ್ಣು ಬಿಟ್ಟು ನನ್ನ ಮುಖವನ್ನೇ ನೋಡಿತು. ಅದಕ್ಕೆ ಎಲ್ಲವೂ ಸ್ಪಷ್ಟವಾಗಿಯೇ ಕಂಡಂತಿತ್ತು. ತಮಗೆ ತಿಳಿದಿರಲಿ ಎಂದು ಬರೆದೆ.

ಮುಖವಿಲ್ಲದಿದ್ದರೂ ತಮ್ಮ ವಿಶ್ವಾಸಿ,
ಕೀರ್ತನಾ

ಮರೆತ ಮಾತು: ನಿನ್ನೆ ಕೆಲಸಕ್ಕೆ ಆಯ್ಕೆ ಮಾಡಲು ಬಂದಿದ್ದ ಕಂಪನಿಯವರು ಓದು ಮುಗಿಯುವ ಮೊದಲೇ ಕೆಂಚನನ್ನು ನೌಕರರ ಅಹವಾಲು ಕೇಳುವ ವಿಭಾಗದ ಮುಖ್ಯಸ್ಥನಾಗಿ ಆರಿಸಿದ್ದಾರೆ. ಎದುರು ಬಂದವರನ್ನು ಅವನು ಗುಮ್ಮುತ್ತಾನೆ ಎಂದು ಮುಂಚಿತವಾಗಿಯೇ ತಿಳಿಸಿದೆ. "ನಮಗ ಅದೇ ಅನುಭವ ಬೇಕಾಗಿತ್ರೀ" ಎಂದರು.