ಕಿವಿ ಮುಟ್ಟಿದವಳು

ಮುದ್ದಕ್ಕನ ಬಲಗೈ ನೆತ್ತಿ ದಾಟಿ ಎಡಗಿವಿಯನ್ನು ಮುಟ್ಟಲಿಲ್ಲ. ಅವಳಪ್ಪ ಜುಂಜಪ್ಪನ ಪೇಚಾಟ ಶುರುವಾದದ್ದು ಅಲ್ಲಿಂದ. ಮುಟ್ಟಿದರೆ ಆರು ವರ್ಷ, ಒಂದನೇ ಕ್ಲಾಸು, ಮುಟ್ಟದಿದ್ದರೆ ಮನೆ. ಎಪ್ಪತ್ತಮೂರನೇ ಇಸವಿಯಲ್ಲೂ ಮಾಡದಕೆರೆ ಕಡೆಯ ಹಟ್ಟಿಗಳಲ್ಲಿ ಹುಟ್ಟಿದ ದಿನ ಬರೆದಿಟ್ಟವರಿರಲಿಲ್ಲ. ಮಕ್ಕಳಿಗೆ ಕಿವಿಯೇ ಜಾತಕ.

"ಇವತ್ತೇ ಸೇರ್ಸೋಕೆ ಕಡೇ ದಿನ. ಬರೋ ವರ್ಷ ಕರ್ಕಂಡ್ ಬಾರಪ್ಪ," ಎಂದರು ಹೊಸದಾಗಿ ಬಂದಿದ್ದ ಪರಮೇಶ್ವರಪ್ಪ ಮೇಷ್ಟ್ರು.

ಹೊಸದುರ್ಗದ ಕಚೇರಿಯಲ್ಲಿ ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿ ಒತ್ತಿ ಜುಂಜಪ್ಪ ರೋಸಿದ್ದ. ಮನೆಯಲ್ಲಿ ಒಬ್ಬರಾದರೂ ಓದಬೇಕು ಎಂಬುದೇ ಅವನ ಹಟ. ಹಿರಿಯವಳು ಎಂಟರ ಯಲ್ಲಕ್ಕ ಕುರಿಮರಿ ಕಾಯುತ್ತಿದ್ದಳು, ಅವಳನ್ನು ಬಿಡಿಸುವಂತಿಲ್ಲ. ಅದಕ್ಕೇ ಕಿರಿಯವಳು. ಯಲ್ಲಕ್ಕನನ್ನು ಯಾರೂ ಕೇಳಿರಲಿಲ್ಲ.

ಹಟ್ಟಿಗೆ ಮರಳಿದ್ದೇ ತಡ, ಬುದ್ಧಿ ಹೇಳುವವರು ನೆರೆದರು. ಪಕ್ಕದ ಮನೆಯ ಹುಚ್ಚಕ್ಕ ಹರಳೆಣ್ಣೆ ತಂದು ಹುಡುಗಿಯ ತೋಳಿಗೆ ತಿಕ್ಕಿದಳು. "ನೀವಿ ಎಳೆದ್ರೆ ಉಣ್ಣೆನೂ ಉದ್ದ ಆಗ್ತೈತೆ, ಕೈ ಆಗಲ್ವಾ?"

ಎದುರುಮನೆಯ ಚಿಕ್ಕತಿಮ್ಮಪ್ಪ ಹುಡುಗಿಯನ್ನು ಬೇವಿನ ಕೊಂಬೆಗೆ ಜೋತು ಹಾಕಿದ. ಎಣ್ಣೆಗೈ ಜಾರಿ ಅವನ ಮೇಲೇ ಬಿದ್ದಳು. ಅವನ ಮೂಗು ಊದಿತು. ಕೈ ಮಾತ್ರ ಇದ್ದಷ್ಟೇ ಇತ್ತು.

"ಲೇ ಜುಂಜ, ಮೇಷ್ಟ್ರ ಮುಂದೆ ಯಲ್ಲಕ್ಕನ್ನ ನಿಲ್ಸು, ಹೆಸ್ರು ಮುದ್ದಕ್ಕಂದು ಹೇಳು," ಎಂದ ಮೂಗು ಹಿಡಿದುಕೊಂಡೇ. "ನಾಳೆಯಿಂದ ಮುದ್ದಕ್ಕನ್ನ ಕಳ್ಸು. ಹೊಸಾ ಮೇಷ್ಟ್ರಿಗೆ ಏನ್ ಗೊತ್ತಾಗ್ತೈತೆ?"

ಮಧ್ಯಾಹ್ನ ಶಾಲೆಯಲ್ಲಿ ಯಲ್ಲಕ್ಕನ ಕೈ ಕಿವಿಯನ್ನು ಮುಟ್ಟಿದ್ದಷ್ಟೇ ಅಲ್ಲ, ಹಿಡಿದೇ ನಿಂತಿತು.

ಮೇಷ್ಟ್ರು ಕನ್ನಡಕ ಏರಿಸಿದರು. "ಬೆಳಗ್ಗಿಂದ ಭಾಳ ಬೆಳೆದವ್ಳೆ."

"ಹರಳೆಣ್ಣೆ ತಿಕ್ಕಿದ್ವಿ ಸ್ವಾಮಿ."

ಮೇಷ್ಟ್ರು ನಗಲಿಲ್ಲ. ಮುದ್ದಕ್ಕ ಎಂದು ಪುಸ್ತಕದಲ್ಲಿ ಬರೆದು, ಯಲ್ಲಕ್ಕನ ಕೈಗೆ ಸ್ಲೇಟು ಕೊಟ್ಟರು.

ಮರುದಿನ ಜುಂಜಪ್ಪ ಚಿಕ್ಕವಳನ್ನು ಎತ್ತಿಕೊಂಡು ಶಾಲೆಗೆ ಹೋದರೆ, ಯಲ್ಲಕ್ಕ ಮರಿಗಳನ್ನು ರೊಪ್ಪದ ಬೇಲಿಯೊಳಗೇ ಬಿಟ್ಟು ಬಂದು ಮೊದಲ ಸಾಲಿನಲ್ಲಿ ಕೂತಿದ್ದಳು.

"ಏಳೇ, ಮರಿ ಅರಚ್ತಾವೆ."

"ಕಿವಿ ಮುಟ್ಟಿದ್ದು ನಾನಪ್ಪ," ಎಂದಳು, ಸ್ಲೇಟನ್ನು ಎದೆಗವಚಿಕೊಂಡು.

ಈ ಮಗಳನ್ನು ತಾನು ಒಂದು ಮಾತೂ ಕೇಳಲಿಲ್ಲವಲ್ಲ ಎಂದು ಜುಂಜಪ್ಪನಿಗೆ ನಾಚಿಕೆಯಾಯಿತು. ಆದರೂ ಮೇಷ್ಟ್ರ ಕಡೆ ನೋಡಿದ.

"ನನ್ ಪುಸ್ತಕದಾಗೆ ಇವ್ಳೇ ಮುದ್ದಕ್ಕ. ಬ್ಯಾರೆ ಮುದ್ದಕ್ಕ ನಂಗ್ ಗೊತ್ತಿಲ್ಲ," ಎಂದರು ಅವರು.

ಜುಂಜಪ್ಪ ಹಟ್ಟಿಗೆ ಮರಳಿ ತಾನೇ ಮರಿ ಹೊಡೆದುಕೊಂಡು ಹೊರಟ. ಹಿಂದೆ ಚಿಕ್ಕವಳು, ದಾರಿಯುದ್ದಕ್ಕೂ ನೆತ್ತಿಯ ಮೇಲೆ ಕೈ ಎಳೆದುಕೊಳ್ಳುತ್ತ.

"ಅಪ್ಪಾ, ಬೆರಳು ತಾಕ್ತು ನೋಡು! ಬರೋ ವರ್ಷ ನನ್ನ ಹೆಸ್ರೂ ಬರ್ಕಂತಾರಾ?"

ಜುಂಜಪ್ಪ ತಿರುಗಿ ನೋಡಲಿಲ್ಲ.

"ನಿನ್ನ ಹೆಸ್ರು ಆಗ್ಲೇ ಬರ್ಕಂಡವ್ರೆ ಕಣವ್ವ."