ಗೂಡ್ಸ್ ಶೆಡ್ಡಿನ ಕೀಲಿ ನನ್ನ ಕೈಯಲ್ಲಿ

ಹಳೇ ಕಟ್ಟಡದ ಕೀಲಿ ಯಾರ ಕೈಯಲ್ಲಿರುತ್ತದೋ ಅವರನ್ನು ನಗೆಯ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ನಾನು ರಾಯಬಾಗ ಕಡೆಯ ಸಣ್ಣ ಸ್ಟೇಷನ್ನೊಂದರ ಗುಮಾಸ್ತ. ನನ್ನ ಬಳಿ ಇರುವುದು ಮೀಟರ್ ಗೇಜ್ ಕಾಲದ ಗೂಡ್ಸ್ ಶೆಡ್ಡಿನ ಕೀಲಿ. ಕರಿಕಲ್ಲಿನ ದಪ್ಪ ಗೋಡೆ, ಬೆಲ್ಲದ ಚಕ್ಕಡಿಗಳು ಬಂದು ನಿಲ್ಲುತ್ತಿದ್ದ ಕಮಾನು ಬಾಗಿಲು, ಸವೆದ ಹಳಿಗಳನ್ನೇ ನೆಟ್ಟಗೆ ನಿಲ್ಲಿಸಿ ಮಾಡಿದ ಕಂಬಗಳು. ಇದನ್ನು ಕೆಡವುತ್ತಾರೆ ಎಂಬ ಸುದ್ದಿ ಬಂದಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ.

೧. ಅಜ್ಜಿಯ ಫೋಟೋ

ಮುಗಳಖೋಡದ ಮದುವೆ ಜೋಡಿಯೊಂದು ಫೋಟೋ ತೆಗೆಸಿಕೊಳ್ಳಲು ಬಂತು. ಕಾವಲಿಗೆ ಹುಡುಗಿಯ ಅಜ್ಜಿ. ಫೋಟೋದವ ಕಮಾನಿನ ಕೆಳಗೆ ಮೊಮ್ಮಗಳನ್ನು ನಿಲ್ಲಿಸಿದ್ದು ಕಂಡು ಅಜ್ಜಿ ಸಿಟ್ಟಾದಳು.

"ಯಾಕೋ ತಮ್ಮಾ, ನಮ್ಮ ಮನಿಯಾಗ ಬಣ್ಣದ ಗ್ವಾಡಿ ಇಲ್ಲಂತ ತಿಳಕೊಂಡೀಯೇನ?"

"ಹಂಗಲ್ರಿ ಆಯಿ, ಈಗ ಹಳೇದಕ್ಕ ಭಾಳ ಕಿಮ್ಮತ್ತ ಐತ್ರಿ" ಎಂದ ಫೋಟೋದವ.

ಅಜ್ಜಿ ಸೆರಗು ಸರಿಮಾಡಿಕೊಂಡು ಮೊಮ್ಮಗಳನ್ನು ಪಕ್ಕಕ್ಕೆ ಸರಿಸಿದಳು. "ಹಂಗಾದ್ರ ಮೊದಲ ನಂದ ತಗಿ."

೨. ಆಲಿಕಲ್ಲು

ಕಟ್ಟಡ ಪರೀಕ್ಷಿಸಲು ಹೊರಗಿನಿಂದ ಒಬ್ಬ ಎಂಜಿನಿಯರ್ ಬಂದರು. ಗೋಡೆಗೆ ಎರಡು ಏಟು ಕೊಟ್ಟು, "ಇದು ಯಾವಾಗ ಬೇಕಾದರೂ ಬೀಳುತ್ತೆ, ಯಾರೂ ಒಳಗೆ ಹೋಗಬಾರದು" ಎಂದು ಹೇಳಿ ಆಚೆಯ ತಗಡಿನ ಚಪ್ಪರದಲ್ಲಿ ಕುಳಿತರು. ಅಷ್ಟರಲ್ಲಿ ಆಲಿಕಲ್ಲು ಮಳೆ ಶುರುವಾಯಿತು. ತಗಡು ಹಾರಿತು. ಸಾಹೇಬರು ಫೈಲು ತಲೆಯ ಮೇಲಿಟ್ಟುಕೊಂಡು ಓಡಿಬಂದು ಶೆಡ್ಡಿನೊಳಗೆ ನುಗ್ಗಿದರು. ಅಲ್ಲಿ ಆಗಲೇ ಆಡುಗಳ ಜೊತೆ ನಿಂತಿದ್ದ ಕುರುಬರ ಹಿರಿಯ ಕೇಳಿದ:

"ಸಾಹೇಬ್ರ, ಇದು ಬೀಳತೈತಿ ಅಂದಿದ್ರಲ್ರಿ?"

"ಬೀಳುತ್ತಪ್ಪ. ಮೊದಲು ಮಳೆ ನಿಲ್ಲಲಿ."

೩. ಗುಲಾಬಿ ಬಣ್ಣ

ಕೊನೆಗೆ ತೀರ್ಮಾನಕ್ಕೆಂದು ಒಬ್ಬ ದೊಡ್ಡ ಅಧಿಕಾರಿ ಬರುವುದೆಂದಾಯಿತು. ಹಳೆಯ ರೂಪ ಹಾಗೇ ಇದ್ದರೆ ಉಳಿಸುತ್ತಾರೆ, ಕೆಡಿಸಿದ್ದರೆ ಕೆಡವುತ್ತಾರೆ. ಊರ ಗೌಡರಿಗೆ "ಸ್ವಲ್ಪ ಸ್ವಚ್ಛ ಮಾಡಸ್ರಿ" ಎಂದು ಹೇಳಿ ನಾನು ಅಥಣಿಗೆ ಮದುವೆಗೆ ಹೋದೆ.

ಬಂದು ನೋಡಿದರೆ ಶೆಡ್ಡೇ ಇಲ್ಲ! ನೆಲದಿಂದ ಹಂಚಿನವರೆಗೆ ಕೆಂಪು ಹಳದಿ ಪೆಂಡಾಲಿನ ಬಟ್ಟೆ. ಪಕ್ಕದಲ್ಲಿ ಗುಲಾಬಿ ಆಯಿಲ್ ಪೇಂಟಿನ ಖಾಲಿ ಡಬ್ಬಿ. ಗೋಡೆಗೇ ಬಳಿದುಬಿಟ್ಟಿದ್ದಾರೆ ಎಂದುಕೊಂಡೆ. ಗೌಡರನ್ನು ಕೇಳಬೇಕೆನ್ನುವಷ್ಟರಲ್ಲಿ ಜೀಪು ಬಂತು. ಊರವರು ಅಧಿಕಾರಿಯನ್ನು ಬೆಂಚಿನ ಮೇಲೆ ಕೂಡಿಸಿ ತಲೆಗೆ ಫೇಟಾ ಸುತ್ತಿದರು, ಶಾಲು ಹೊದಿಸಿದರು, ಭಾಷಣ ಮಾಡಿದರು.

"ಎಲ್ಲಾ ಸರಿ, ಕಟ್ಟಡ ಎಲ್ಲಿ?" ಎಂದರು ಅಧಿಕಾರಿ.

"ಹಿಂದ ಐತ್ರಿ. ಹಳೇದಾಗೇತಿ, ನಿಮ್ಮಂಥ ಪಾವಣ್ಯಾರ ಮುಂದ ಚಲೋ ಕಾಣೂದಿಲ್ಲಂತ ಮುಚ್ಚಿದಿವ್ರಿ" ಎಂದರು ಗೌಡರು.

ಬಟ್ಟೆ ಇಳಿಸಿದರು. ನಾನು ಕಣ್ಣು ಮುಚ್ಚಿಕೊಂಡು, ಆಮೇಲೆ ಒಂದೇ ಕಣ್ಣು ತೆರೆದೆ. ಅದೇ ಕರಿಕಲ್ಲು, ಅದೇ ಕಮಾನು! ಅಳುವೇ ಬಂತು. ಗೌಡರು ಕಿವಿಯಲ್ಲಿ ಹೇಳಿದರು: "ಬಣ್ಣ ಗ್ವಾಡಿಗೆ ಸಾಲೂದಿಲ್ಲಂದ್ರು. ಇದ್ದಷ್ಟು ಇವತ್ತ ಮುಂಜಾನೆ ಬೆಂಚಿಗೆ ಹಚ್ಚಿಸಿದೆ."

ಅಧಿಕಾರಿ ಇಡೀ ಶೆಡ್ಡು ಸುತ್ತಿ, ಹಳಿಯ ಕಂಬಗಳನ್ನು ಸವರಿ ಖುಷಿಯಾದರು. ಇದು ಉಳಿಯಬೇಕು ಎಂದು ಅಲ್ಲೇ ಬರೆದು ಸಹಿ ಹಾಕಿದರು. "ಇಷ್ಟು ವರ್ಷವಾದರೂ ಎಲ್ಲಿಯೂ ಒಂದು ಹನಿ ಬಣ್ಣ ತಾಗಿಲ್ಲ ನೋಡಿ!" ಎಂದು ಹೇಳಿ ಜೀಪಿನ ಕಡೆ ತಿರುಗಿದರು.

ಅವರ ಬಿಳಿ ಪ್ಯಾಂಟಿನ ಹಿಂಭಾಗದಲ್ಲಿ ಬೆಂಚಿನ ಪಟ್ಟಿಗಳೆಲ್ಲ ಗುಲಾಬಿ ಬಣ್ಣದಲ್ಲಿ ಅಚ್ಚಾಗಿದ್ದವು.